ಸೊಸೈಟಿಯ ಸುಣ್ಣ, ಬಸ್‌ಸ್ಟ್ಯಾಂಡಿನ ವರದಿಗಾರ

ಶನಿವಾರ ಸಂಜೆ ಆರೂವರೆ ಇರಬೇಕು, ಫೋನ್ ಬಂತು. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗಿನ ಒಂದು ಹೋಬಳಿಯ ಸಹಕಾರ ಸಂಘದ ಅಧ್ಯಕ್ಷರು. "ಅರ್ಜೆಂಟಾಗಿ ಒಂದು ಪ್ರೆಸ್‌ನೋಟ್ ಬರೆದುಕೊಡಿ ಮಾರಾಯ್ರೆ, ಸೋಮವಾರ ಎಲ್ಲಾ ಪೇಪರಿನಲ್ಲೂ ಬರಬೇಕು" ಅಂದರು. ಏನಾಯ್ತು ಅಂತ ಕೇಳಿದೆ. ಉತ್ತರ ಹೇಳಲಿಲ್ಲ, ಒಂದು ವಿಡಿಯೋ ಕಳಿಸಿದರು.

ವಿಡಿಯೋ ಒಂದು ನಿಮಿಷವೂ ಇಲ್ಲ. ಅಡಿಕೆ ತೋಟ, ಜಿಟಿಜಿಟಿ ಮಳೆ. ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡ ರೈತರೊಬ್ಬರು ಕೆಳಗೆ ಬಿದ್ದ ಹಸಿರು ಕಾಯಿಗಳನ್ನು ಬೊಗಸೆಯಲ್ಲಿ ಎತ್ತಿ ತೋರಿಸುತ್ತಾರೆ. ತೊಟ್ಟಿನ ಸುತ್ತ ಬಿಳಿ ಬೂಸ್ಟು. "ಔಷಧಿ ಹೊಡೆದು ಇಪ್ಪತ್ತು ದಿನ ಆಗಿಲ್ಲ. ಸೊಸೈಟಿ ತುತ್ತ. ಇದು ತುತ್ತನಾ, ಬಣ್ಣದ ನೀರಾ?" ಕೆಳಗೆ ದಪ್ಪ ಅಕ್ಷರದಲ್ಲಿ ಬರಹ: "ಸೊಸೈಟಿಯಲ್ಲಿ ನಕಲಿ ಮೈಲುತುತ್ತ?" ಸುದ್ದಿಯ ತಲೆಬರಹದಲ್ಲಿ ಪ್ರಶ್ನೆ ಚಿಹ್ನೆ ಹಾಕಿದರೆ ನಮ್ಮಲ್ಲಿ ಯಾರೂ ಅದನ್ನು ಪ್ರಶ್ನೆ ಅಂತ ಓದುವುದಿಲ್ಲ. ಅಂದು ಸಂಜೆಯೂ ಓದಲಿಲ್ಲ.

ನಾನು ಶಿವಮೊಗ್ಗದಲ್ಲಿ ಕೂತು ಸಣ್ಣಪುಟ್ಟ ಸಂಸ್ಥೆಗಳಿಗೆ ಪ್ರಚಾರ, ಸಾರ್ವಜನಿಕ ಸಂಪರ್ಕದ ಕೆಲಸ ಮಾಡುವವನು. ಸೊಸೈಟಿ, ಶಾಲೆ, ನರ್ಸರಿ, ಇಂಥವೇ. ಇಲ್ಲಿ ಊರಿನ ಹೆಸರು, ಸಂಘದ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ತಪ್ಪುಗಳನ್ನು ಬಿಟ್ಟಿಲ್ಲ. ಅದರಲ್ಲಿ ನನ್ನವೂ ಇವೆ.

ಮಲೆನಾಡಿನ ಹೊರಗಿನವರಿಗೆ ಸ್ವಲ್ಪ ಹಿನ್ನೆಲೆ ಬೇಕು. ಮಳೆಗಾಲದಲ್ಲಿ ಅಡಿಕೆಗೆ ದೊಡ್ಡ ಕಾಟ ಕೊಳೆ ರೋಗ. ಫೈಟೊಫ್ಥೊರಾ ಅನ್ನುವ ಶಿಲೀಂಧ್ರದಂಥ ಜೀವಿ ಎಳೆ ಕಾಯಿಗೆ ಹಿಡಿಯುತ್ತದೆ, ಕಾಯಿ ಉದುರುತ್ತದೆ. ಅದಕ್ಕೆ ಔಷಧಿ ಬೋರ್ಡೋ ದ್ರಾವಣ. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್, ನಮ್ಮ ಬಾಯಲ್ಲಿ ಬರೀ ತುತ್ತ), 1 ಕೆಜಿ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು. ಇದು ನಿನ್ನೆ ಮೊನ್ನೆಯದಲ್ಲ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದೇ ಕೊಳೆ ರೋಗದ ಹಿಂದೆ ಬಿದ್ದಿದ್ದರು. ನೂರು ವರ್ಷ ದಾಟಿದರೂ ನಮ್ಮ ತೋಟಗಳ ಮದ್ದು ಹೆಚ್ಚು ಕಡಿಮೆ ಅದೇ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಆ ಸೀಮೆಯಲ್ಲಿ ಔಷಧಿ ಹೊಡೆಯಬೇಕೆಂದರೆ ಮಳೆ ಹೊಳವು ಕೊಡಬೇಕು, ಅದೇ ದಿನ ಮರ ಹತ್ತುವವರೂ ಸಿಗಬೇಕು. ಎರಡೂ ಒಟ್ಟಿಗೆ ಸಿಗುವುದೇ ಪುಣ್ಯ. ಅಂಥ ದಿನ ಹೊಡೆದ ಔಷಧಿ ಕೆಟ್ಟದ್ದು ಅಂದರೆ ಆ ಮಾತು ಮುಂದಿನ ವರ್ಷದ ಊಟದ ಬಗ್ಗೆ. ಅದಕ್ಕೇ ವಿಡಿಯೋ ಹಾಗೆ ಓಡಿತು.

ಬರೆದೂ ಕಳಿಸದ ಪ್ರೆಸ್‌ನೋಟ್

ಅಂದು ರಾತ್ರಿ ನಾನು ಪ್ರೆಸ್‌ನೋಟ್ ಬರೆದೆ. ಈಗ ಓದಿದರೆ ನಾಚಿಕೆಯಾಗುತ್ತದೆ. "ರೈತರ ಹಿತಕ್ಕಾಗಿ ಸದಾ ಶ್ರಮಿಸುತ್ತಿರುವ ನಮ್ಮ ಸಂಘದ ಏಳಿಗೆಯನ್ನು ಸಹಿಸದ ಕೆಲವು ಕಿಡಿಗೇಡಿಗಳು..." ಅಂತ ಶುರು. ಈ ಸಾಲಿಗೆ ನನ್ನ ಕಂಪ್ಯೂಟರಿನಲ್ಲಿ ಕೈ ತಾನಾಗೇ ಹೋಗುತ್ತದೆ. ಶಿವಮೊಗ್ಗದ ಯಾವ ಪತ್ರಿಕೆಯ ಡೆಸ್ಕಿನಲ್ಲಿ ಕೇಳಿದರೂ ಇಂಥದ್ದು ದಿನಕ್ಕೆ ನಾಲ್ಕು ಬರುತ್ತದೆ ಅಂತಾರೆ.

ಕಳಿಸುವ ಮುಂಚೆ ಒಂದು ಯೋಚನೆ ಬಂತು. ಇದನ್ನು ಓದುವವರು ಯಾರು? ಸೋಮವಾರದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಬರಬಹುದು. ಆ ಹೋಬಳಿಯಲ್ಲಿ ಪತ್ರಿಕೆ ತರಿಸುವವರು ಎಷ್ಟು? ತರಿಸಿದರೂ ಮಳೆಗಾಲದಲ್ಲಿ ಮೊದಲ ಬಸ್ಸು ಬರುವುದೇ ಹತ್ತೂವರೆಗೆ. ವಿಡಿಯೋ ನೋಡಿದವರು ಎಲ್ಲಿದ್ದಾರೋ ಅಲ್ಲಿಗೆ ನನ್ನ ಮಾತು ತಲುಪುವುದೇ ಇಲ್ಲ. ಅವರು ಇದ್ದದ್ದು ಒಬ್ಬ ಹುಡುಗನ ವಾಟ್ಸಾಪ್ ಗುಂಪಿನಲ್ಲಿ.

ಹುಡುಗ ಅಂದರೆ ಮೂವತ್ತು ದಾಟಿದವನು. ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ, ಪಕ್ಕದಲ್ಲೇ ಜೆರಾಕ್ಸ್. ವಾಟ್ಸಾಪ್ ಗುಂಪಿಗೆ 2022ರ ಕೊನೆಯಿಂದ 1,024 ಜನರ ಮಿತಿ. ಅವನ ಎರಡು ಗುಂಪು ತುಂಬಿ ಮೂರನೆಯದು ತುಂಬುತ್ತಿತ್ತು. ಜೊತೆಗೆ ಒಂದು ಫೇಸ್‌ಬುಕ್ ಪುಟ. ಅವನು ಹಾಕುವ ಸುದ್ದಿ ಯಾವ ಟಿವಿಯಲ್ಲೂ ಬರುವುದಿಲ್ಲ. ಇವತ್ತು ಏಳೂಕಾಲರ ಬಸ್ಸು ಇಲ್ಲ. ಲೈನ್ ಮೇಲೆ ಮರ ಬಿದ್ದಿದೆ, ಕರೆಂಟ್ ಸಂಜೆ ಮೇಲೆ. ಇಂಥವರ ಮನೆಯ ಅಜ್ಜಿ ತೀರಿಕೊಂಡರು, ಮಣ್ಣು ಮಧ್ಯಾಹ್ನ ಎರಡಕ್ಕೆ. ಶಿವಮೊಗ್ಗ ಮಾರುಕಟ್ಟೆಯಲ್ಲಿ ಅಡಿಕೆ ದರ: ರಾಶಿ ಇಷ್ಟು, ಬೆಟ್ಟೆ ಇಷ್ಟು, ಗೊರಬಲು ಇಷ್ಟು. ಕಪ್ಪು ಬಣ್ಣದ ಹಸು ತಪ್ಪಿಸಿಕೊಂಡಿದೆ, ಕೊರಳಲ್ಲಿ ಗಂಟೆ ಇದೆ.

ಇದನ್ನು ಪತ್ರಿಕೋದ್ಯಮ ಅಂತ ಕರೆಯಬಹುದಾ ಅಂತ ಮೂಗು ಮುರಿಯುವ ಪತ್ರಕರ್ತ ಮಿತ್ರರು ನನಗೂ ಇದ್ದಾರೆ. ದಕ್ಷಿಣ ಕೊರಿಯಾದಲ್ಲಿ 2000ನೇ ಇಸವಿಯಲ್ಲಿ ಓಹ್‌ಮೈನ್ಯೂಸ್ ಶುರುವಾದಾಗ "ಪ್ರತಿ ನಾಗರಿಕನೂ ವರದಿಗಾರ" ಅಂತ ಘೋಷಣೆ ಮಾಡಿಕೊಂಡಿತ್ತು. ನಮ್ಮ ಹುಡುಗನಿಗೆ ಘೋಷಣೆ ಗೀಷಣೆ ಇಲ್ಲ. ಅವನಿಗೆ ಇರುವುದು ಒಂದು ಅಂಗಡಿ. ಸುದ್ದಿ ತಪ್ಪಾದರೆ ಜನ ನೇರ ಅಲ್ಲಿಗೇ ಬಂದು ಬೈಯುತ್ತಾರೆ. ಬೆಂಗಳೂರಿನ ಸಂಪಾದಕರಿಗೆ ಈ ಭಾಗ್ಯ ಇಲ್ಲ.

ಜನ ಮೊದಲು ಗುಂಪು ನೋಡುವುದಕ್ಕೆ ಕಾರಣ ಇದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರ ಹುಣಸೋಡಿನ ಕಲ್ಲುಕ್ವಾರಿಯಲ್ಲಿ ಸ್ಫೋಟಕ ತುಂಬಿದ ಲಾರಿ ಸಿಡಿಯಿತು. ಜಿಲ್ಲೆಯ ಆಚೆಗೂ ಕಿಟಕಿ ಅದುರಿದವು. ಭೂಕಂಪ ಅಂತ ಜನ ಅಂಗಳಕ್ಕೆ ಓಡಿ ಬಂದಿದ್ದರು. ಆ ಹೊತ್ತಿನಲ್ಲಿ ಎಲ್ಲರೂ ಮಾಡಿದ್ದು ಒಂದೇ ಕೆಲಸ. "ನಿಮ್ಮ ಕಡೆ ಶಬ್ದ ಬಂತಾ?" ಅಂತ ಪರಿಚಯದವರನ್ನು ಕೇಳಿದ್ದು. ಅಂಥ ಪ್ರಶ್ನೆಗೆ ಉತ್ತರ ಸಿಗುವ ಜಾಗ ಗುಂಪು.

ಎರಡು ನೀಲಿ ಟಿಕ್

ಭಾನುವಾರ ಬೆಳಿಗ್ಗೆ ಹುಡುಗನಿಗೆ ಫೋನ್ ಮಾಡಿದೆ. ಗದರಿಸುವುದಕ್ಕಲ್ಲ ಅಂತ ಹೇಳಿಕೊಳ್ಳುತ್ತೇನೆ, ಆದರೆ ದನಿಯಲ್ಲಿ ಸ್ವಲ್ಪ ಗದರಿಕೆ ಇತ್ತು.

"ಹಾಕೋ ಮುಂಚೆ ಸೊಸೈಟಿಯವರನ್ನು ಒಂದು ಮಾತು ಕೇಳಬೇಕು ಅಲ್ವಾ?"

"ಅಣ್ಣ, ಶುಕ್ರವಾರ ಬೆಳಿಗ್ಗೇನೇ ಸೆಕ್ರೆಟರಿಗೆ ಫೋನ್ ಮಾಡಿದ್ದೆ. ಮೀಟಿಂಗಲ್ಲಿದೀನಿ ಅಂದ್ರು. ಮಧ್ಯಾಹ್ನ ಮಾಡಿದೆ, ಎತ್ತಲಿಲ್ಲ. ಮೆಸೇಜ್ ಹಾಕಿದೆ. ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಸ್ಕ್ರೀನ್‌ಶಾಟ್ ಕಳಿಸ್ಲಾ?"

ಕಳಿಸಿದ. ಶುಕ್ರವಾರ 12.52. ಇಡೀ ಪ್ರಕರಣದಲ್ಲಿ ನನಗೆ ತುಂಬಾ ನೋವಾದದ್ದು ಈ ಚಿತ್ರ ನೋಡಿ. ಒಂದು ಉತ್ತರ ಸಾಕಿತ್ತು. "ನೋಡ್ತೇವೆ, ನಾಳೆ ಹೇಳ್ತೇವೆ" ಅಂದಿದ್ದರೂ ಸಾಕಿತ್ತು. ಜಿಲ್ಲಾ ವರದಿಗಾರ ಫೋನ್ ಮಾಡಿದ್ದರೆ ಇದೇ ಸೆಕ್ರೆಟರಿ ಕಾಫಿ ತರಿಸಿ ಕೂರಿಸುತ್ತಿದ್ದರು. ಮೊಬೈಲ್ ಅಂಗಡಿಯವನಿಗೆ ಉತ್ತರ ಕೊಡಬೇಕು ಅಂತ ಅವರಿಗೆ ಅನಿಸಲೇ ಇಲ್ಲ. ನಾನು ಆ ಸಂಘಕ್ಕೆ ಮಾಡಿಕೊಟ್ಟಿದ್ದ ಪತ್ರಕರ್ತರ ಪಟ್ಟಿಯಲ್ಲೂ ಅವನ ಹೆಸರು ಇರಲಿಲ್ಲ. ಅದು ನನ್ನ ತಪ್ಪು.

"ಸರಿ, ನಕಲಿ ಅಂತ ಯಾಕೆ ಹಾಕಿದೆ? ಪರೀಕ್ಷೆ ಮಾಡಿಸಿದ್ಯಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಹೆಡ್ಡಿಂಗ್ ಬೇಕಲ್ಲ ಅಣ್ಣ."

ಆಮೇಲೆ ಅವನೇ ಇನ್ನೊಂದು ವಿಷಯ ಹೇಳಿದ. ವಿಡಿಯೋ ಹಾಕಿದ ಮೇಲೆ ತುಂಬಾ ಜನ ಫೋನ್ ಮಾಡಿದ್ದಾರಂತೆ. ಜೆರಾಕ್ಸ್ ಬಿಲ್ ಪುಸ್ತಕದ ಹಿಂದೆ ಬರೆದುಕೊಂಡಿದ್ದ. ಯಾರು, ಎಂದು ಔಷಧಿ ಹೊಡೆದದ್ದು, ಕಾಯಿ ಉದುರಿದೆಯಾ, ತುತ್ತ ಎಲ್ಲಿಯದು, ಸುಣ್ಣ ಎಲ್ಲಿಯದು. ಹನ್ನೊಂದು ತೋಟ. ಹನ್ನೊಂದರಲ್ಲೂ ತುತ್ತ ಸೊಸೈಟಿಯದೇ. ಆದರೆ ಕಾಯಿ ಉದುರಿದ್ದು ಎಂಟರಲ್ಲಿ. ಉದುರದ ಮೂರು ತೋಟದವರು ಸುಣ್ಣ ಮಾತ್ರ ಬೇರೆ ಕಡೆಯಿಂದ ತಂದಿದ್ದರು. ಹಳೇ ಥರದ ಕಲ್ಲು ಸುಣ್ಣ.

ಅವನು ಇದನ್ನು ಸುಮ್ನೆ ಓದಿ ಹೇಳಿದ. ಅದರ ಅರ್ಥ ಅವನಿಗೂ ಪೂರ್ತಿ ಹೊಳೆದಿರಲಿಲ್ಲ, ನನಗೂ ಹೊಳೆಯಲಿಲ್ಲ. ಬರೆದುಕೊಂಡೆ ಅಷ್ಟೆ.

ಮಧ್ಯಾಹ್ನ ಸಂಘದ ಆಫೀಸಿನಲ್ಲಿ ನಿರ್ದೇಶಕರ ಸಭೆ. ಒಬ್ಬರು ಪೊಲೀಸ್ ಕಂಪ್ಲೇಂಟ್ ಕೊಡೋಣ ಅಂದರು. ಇನ್ನೊಬ್ಬರು, "ದೀಪಾವಳಿಗೆ ಅವನಿಗೆ ಜಾಹೀರಾತು ಕೊಟ್ಟಿಲ್ವಾ? ಹೇಳಿ ತೆಗೆಸಿ" ಅಂದರು. ಕೃಷಿ ಇಲಾಖೆಗೆ ಹೇಳಿ ಮಾದರಿ ತೆಗೆಸುವ ಮಾತೂ ಬಂತು. ಮೈಲುತುತ್ತ 1968ರ ಕೀಟನಾಶಕ ಕಾಯ್ದೆಯ ಪಟ್ಟಿಯಲ್ಲಿ ಇರುವುದರಿಂದ ಇಲಾಖೆಯವರು ಮಾದರಿ ತೆಗೆದು ಲ್ಯಾಬಿಗೆ ಕಳಿಸಬಹುದು. ಆದರೆ ವರದಿಗೆ ವಾರಗಟ್ಟಲೆ ಕಾಯಬೇಕು. ಮಳೆ ಕಾಯುವುದಿಲ್ಲ.

ಆಗ ನಾನು ಹುಡುಗನ ಹನ್ನೊಂದು ತೋಟದ ಲೆಕ್ಕ ಓದಿದೆ. ಮೂಲೆಯಲ್ಲಿ ಎಲೆ ಅಡಿಕೆ ಜಗಿಯುತ್ತಾ ಕೂತಿದ್ದ ಹಿರಿಯ ನಿರ್ದೇಶಕರು, ಎಪ್ಪತ್ತು ದಾಟಿದವರು, ಎದ್ದು ಹೋಗಿ ಉಗಿದು ಬಂದು ಕೇಳಿದರು: "ಯಾರಾದ್ರೂ ಕತ್ತಿ ಅದ್ದಿ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಹದಿಮೂರು ಜನ ಅಡಿಕೆ ಬೆಳೆಗಾರರು ಕೂತಿದ್ದ ಕೋಣೆ ಅದು.

ಸೋಮವಾರ ಬೆಳಿಗ್ಗೆ, ಸೊಸೈಟಿ ಜಗಲಿ

ಕತ್ತಿ ಪರೀಕ್ಷೆ ಗೊತ್ತಿಲ್ಲದವರಿಗೆ: ಬೋರ್ಡೋ ಸರಿಯಾಗಿ ಕೂಡಿದೆಯಾ ಅಂತ ನೋಡಲು ಅದರಲ್ಲಿ ಹೊಳೆಯುವ ಕಬ್ಬಿಣದ ಕತ್ತಿ ಅದ್ದುತ್ತಾರೆ. ಸುಣ್ಣ ಸಾಕಷ್ಟು ಇದ್ದರೆ ಕತ್ತಿ ಹಾಗೇ ಇರುತ್ತದೆ. ಸಾಲದಿದ್ದರೆ ನೀರಿನಲ್ಲಿ ಕರಗಿದ ತಾಮ್ರ ಉಳಿದಿರುತ್ತದೆ, ಅದು ಕತ್ತಿಗೆ ಹತ್ತಿ ಕೆಂಪಾಗುತ್ತದೆ. ಅಂಥ ಔಷಧಿ ಹೊಡೆದರೆ ಕಾಯಿಗೆ ಅಂಟಿ ನಿಲ್ಲುವುದಿಲ್ಲ, ಮಳೆಗೆ ತೊಳೆದು ಹೋಗುತ್ತದೆ. ಎಳೆಯದು ಸುಡುವುದೂ ಉಂಟು.

ಪರೀಕ್ಷೆಯನ್ನು ಎಲ್ಲರ ಎದುರೇ ಮಾಡಿ, ಹುಡುಗನ ಫೇಸ್‌ಬುಕ್ ಪುಟದಲ್ಲಿ ಲೈವ್ ಹೋಗಲಿ ಅಂತ ನಾನು ಹೇಳಿದೆ. ಅಧ್ಯಕ್ಷರಿಗೆ ಇಷ್ಟ ಇರಲಿಲ್ಲ. "ಮೊದಲು ಒಳಗೆ ಮಾಡಿ ನೋಡೋಣ, ಚೆನ್ನಾಗಿ ಬಂದ್ರೆ ಹೊರಗೆ ಮಾಡೋಣ" ಅಂದರು. ಮನುಷ್ಯಸಹಜ ಆಸೆ. ನಿಜ ಹೇಳಬೇಕೆಂದರೆ ನನಗೂ ಅದೇ ಆಸೆ ಇತ್ತು. ಬೇಡ ಅಂದದ್ದು ಹಿರಿಯ ನಿರ್ದೇಶಕರು. "ಒಳಗೆ ಮಾಡಿದ್ದು ಸಂಜೆಯೊಳಗೆ ಊರಿಗೆಲ್ಲಾ ಗೊತ್ತಾಗ್ತದೆ. ಸುಮ್ನೆ ಎರಡು ಸಲ ಮಾನ ಹೋಗೋದು ಬೇಡ."

ಹತ್ತು ಗಂಟೆಗೆ ಜಗಲಿಯಲ್ಲಿ ಪ್ಲಾಸ್ಟಿಕ್ ಬಕೆಟ್ ಸಾಲಾಗಿ ಇಟ್ಟರು. ಐವತ್ತು ಅರವತ್ತು ಜನ ಸೇರಿದ್ದರು, ಕೊಡೆಗಳೆಲ್ಲ ಗೋಡೆಗೆ ಒರಗಿದ್ದವು. ವಿಡಿಯೋದಲ್ಲಿ ಮಾತಾಡಿದ ರೈತರೂ ಬಂದಿದ್ದರು. ಗೋಡೌನಿನಿಂದ ತುತ್ತದ ಚೀಲ ಆರಿಸಿದ್ದು ಅವರೇ. ನೂರು ಗ್ರಾಂ ತುತ್ತ, ನೂರು ಗ್ರಾಂ ಸುಣ್ಣ, ಒಟ್ಟು ಹತ್ತು ಲೀಟರ್ ನೀರು. ಇದೇ ಲೆಕ್ಕದಲ್ಲಿ ಎರಡು ಜೊತೆ. ಒಂದಕ್ಕೆ ಸೊಸೈಟಿಯ ಪುಡಿ ಸುಣ್ಣ. ಇನ್ನೊಂದಕ್ಕೆ ಆ ಮೂವರಲ್ಲಿ ಒಬ್ಬರು ಮನೆಯಿಂದ ತಂದ ಕಲ್ಲು ಸುಣ್ಣ. ಕಲ್ಲಿಗೆ ನೀರು ಬಿದ್ದಕೂಡಲೇ ಬುಸ್ ಅಂತ ಕುದಿಯಿತು, ಹಬೆ ಎದ್ದಿತು. ಮುಂದೆ ನಿಂತಿದ್ದ ಹುಡುಗರು ಹಿಂದೆ ಸರಿದರು. ಪುಡಿ ಸುಣ್ಣ ಹೇಗೂ ಕುದಿಯುವುದಿಲ್ಲ. ಹಾಗಾಗಿ ಅದು ಚೆನ್ನಾಗಿದೆಯಾ ಇಲ್ಲವಾ ಅಂತ ಕಣ್ಣಿಗೆ ಗೊತ್ತಾಗುವುದೂ ಇಲ್ಲ.

ಕೂಡಿಸಿದ ಮೇಲೆ ಕಲ್ಲು ಸುಣ್ಣದ ಬಕೆಟ್ಟಿನಲ್ಲಿ ಒಳ್ಳೆ ಆಕಾಶನೀಲಿ. ಇನ್ನೊಂದರಲ್ಲಿ ಹಸಿರು ತಿರುಗಿದ ನೀಲಿ. ಹಿರಿಯರು ಕತ್ತಿಯನ್ನು ಸಾಣೆಕಲ್ಲಿಗೆ ಉಜ್ಜಿ ಒರೆಸಿ, ಮೊದಲು ನೀಲಿಯದರಲ್ಲಿ ಅದ್ದಿ ಎತ್ತಿದರು. ಬೆಳ್ಳಗಿತ್ತು. ಆಮೇಲೆ ಎರಡನೆಯದರಲ್ಲಿ. ಒಂದು ನಿಮಿಷ ಯಾರೂ ಮಾತಾಡಲಿಲ್ಲ, ಮಾಡಿನ ನೀರಿನ ಸದ್ದು ಮಾತ್ರ. ಎತ್ತಿದಾಗ ಅಲಗಿನ ಮೇಲೆ ಇಟ್ಟಿಗೆ ಬಣ್ಣದ ಪೊರೆ ಕೂತಿತ್ತು.

ಹುಡುಗ ಮೊಬೈಲನ್ನು ಕತ್ತಿಯ ಹತ್ತಿರ ತಂದ. ನನ್ನ ಎದೆ ಡವಡವ. ಸೆಕ್ರೆಟರಿಗೆ ನಾನು ಮೂರು ವಾಕ್ಯ ಬರೆದುಕೊಟ್ಟಿದ್ದೆ, "ತಜ್ಞರ ಅಭಿಪ್ರಾಯ ಪಡೆದು ಸೂಕ್ತ ಕ್ರಮ" ಅನ್ನುವ ಥರದ್ದು. ಅವರು ಚೀಟಿ ಜೇಬಿನಿಂದ ತೆಗೆಯಲೇ ಇಲ್ಲ. "ತುತ್ತ ಅಸಲಿ ಇದೆ. ತಾಮ್ರ ಇಲ್ದಿದ್ರೆ ಕತ್ತಿ ಕೆಂಪಾಗ್ತಿರ್ಲಿಲ್ಲ. ಸುಣ್ಣ ಸತ್ತಿದೆ. ಸುಣ್ಣ ಕೊಟ್ಟಿದ್ದು ನಾವೇ" ಅಂದರು.

ಒಂದೇ ಕತ್ತಿ ಸೊಸೈಟಿಯನ್ನು ಒಂದು ಆರೋಪದಿಂದ ಬಿಡಿಸಿತು, ಇನ್ನೊಂದಕ್ಕೆ ಸಿಕ್ಕಿಸಿತು. ಆಮೇಲೆ ಗೊತ್ತಾಯಿತು, ಆ ಸುಣ್ಣ ಹಿಂದಿನ ವರ್ಷ ಉಳಿದದ್ದು. ಚೀಲದ ಒಳಗಿನ ಪ್ಲಾಸ್ಟಿಕ್ ಹರಿದಿತ್ತು. ಸೋರುವ ಗೋಡೌನಿನಲ್ಲಿ ಒಂದು ಮಳೆಗಾಲ ಕಳೆದಿತ್ತು. ಹಸಿ ಗಾಳಿಗೆ ತೆರೆದಿಟ್ಟ ಸುಣ್ಣ ನಿಧಾನಕ್ಕೆ ಸೀಮೆಸುಣ್ಣದ ಪುಡಿಯಂಥ ಪದಾರ್ಥ ಆಗಿಬಿಡುತ್ತದೆ, ತುತ್ತದ ಜೊತೆ ಸರಿಯಾಗಿ ಕೂಡುವುದಿಲ್ಲ.

ಲೈವ್ ಮುಗಿದ ಅರ್ಧ ಗಂಟೆಯಲ್ಲಿ ಸುಣ್ಣದ ಮಾರಾಟ ನಿಲ್ಲಿಸಿದರು. ಚೀಲ ವಾಪಸ್ ತಂದವರಿಗೆ ದುಡ್ಡು ವಾಪಸ್. ಆ ಸುಣ್ಣ ಒಯ್ದಿದ್ದವರಿಗೆ ಎರಡನೇ ಸಲದ ತುತ್ತ, ಸುಣ್ಣ ಎರಡೂ ಉಚಿತ. ಈ ಸುದ್ದಿ ಮೊದಲು ಹೋದದ್ದು ಹುಡುಗನ ಗುಂಪಿಗೆ, ಆಮೇಲೆ ಪತ್ರಿಕೆಗಳಿಗೆ. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಇಲಾಖೆಯ ಲ್ಯಾಬ್ ವರದಿ ಬಂದಾಗ ಎರಡನೇ ಔಷಧಿಯೂ ಹೊಡೆದಾಗಿತ್ತು. ತುತ್ತ ಸರಿ ಇದೆ ಅಂತಿತ್ತು, ಯಾರೂ ಕೇಳಲಿಲ್ಲ.

ಲಾಭ ಯಾವುದು, ಯಾವುದು ಅಲ್ಲ

ಊರಿನ ಇಂಥ ವರದಿಗಾರನಿಂದ ನಮ್ಮ ಕೆಲಸಕ್ಕೆ ಏನು ಉಪಯೋಗ ಅಂತ ಕೇಳಿದರೆ ನನ್ನ ಕಸುಬಿನವರು ಮೊದಲು "ರೀಚ್" ಅನ್ನುತ್ತಾರೆ. ಎಷ್ಟು ಜನ ನೋಡಿದರು, ಎಷ್ಟು ಲೈಕು. ನನ್ನ ಲೆಕ್ಕದಲ್ಲಿ ಅದು ಚಿಲ್ಲರೆ. ಇಲ್ಲಿ ದೊಡ್ಡದು ಆ ಬಿಲ್ ಪುಸ್ತಕದ ಹಿಂದಿನ ಹನ್ನೊಂದು ಸಾಲು. ಸಂಘಕ್ಕೆ ಸದಸ್ಯರಿದ್ದಾರೆ, ಸಿಬ್ಬಂದಿ ಇದ್ದಾರೆ, ದೂರು ಪೆಟ್ಟಿಗೆಯೂ ಇದೆ, ಅದರ ಬೀಗದ ಕೈ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಎಂಟು ತೋಟದವರು ಸಂಘಕ್ಕೆ ಹೇಳದೇ ಇದ್ದದ್ದನ್ನು ಮೊಬೈಲ್ ಅಂಗಡಿಗೆ ಹೇಳಿದರು. ಸೊಸೈಟಿಯಲ್ಲಿ ಸಾಲ ಇರುವವನು ಸೊಸೈಟಿಯ ಕೌಂಟರಿನಲ್ಲಿ ನಿಂತು ದೂರು ಹೇಳುವುದು ಸುಲಭ ಅಲ್ಲ.

1984ರಲ್ಲಿ ಗ್ರುನಿಗ್ ಮತ್ತು ಹಂಟ್ ಅನ್ನುವ ಇಬ್ಬರು ಸಾರ್ವಜನಿಕ ಸಂಪರ್ಕದ ನಾಲ್ಕು ಮಾದರಿ ಹೇಳಿದ್ದರು. ಕೊನೆಯದು, ಸಂಸ್ಥೆ ಮತ್ತು ಜನ ಇಬ್ಬರೂ ಪರಸ್ಪರ ಕೇಳಿಸಿಕೊಂಡು ಇಬ್ಬರೂ ಬದಲಾಗುವುದು. ನಾನು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಕಣ್ಣಾರೆ ನೋಡಿದ್ದು ಸೊಸೈಟಿ ಜಗಲಿಯಲ್ಲಿ.

ಎಲ್ಲಾ ಚೆನ್ನಾಯಿತು ಅಂತ ಹೇಳಲಾರೆ. "ನಕಲಿ ತುತ್ತ" ವಿಡಿಯೋ ಹೋದಷ್ಟು ದೂರ ಕತ್ತಿಯ ವಿಡಿಯೋ ಹೋಗಲಿಲ್ಲ. ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಅಂತ ವಾಟ್ಸಾಪ್ ನಮ್ಮ ದೇಶದಲ್ಲಿ 2018ರಲ್ಲೇ ಮಿತಿ ಹಾಕಿದೆ, ಆದರೆ ಸಿಟ್ಟಿಗೆ ಐದು ಧಾರಾಳ ಸಾಕು. ತಿಂಗಳ ಮೇಲೆ ಅದೇ ವಿಡಿಯೋ ಶೃಂಗೇರಿ ಕಡೆಯಿಂದ ಇನ್ನೊಂದು ಸೊಸೈಟಿಯ ಹೆಸರು ಹೊತ್ತು ವಾಪಸ್ ಬಂತು. ತುತ್ತ ತಯಾರಿಸಿದ ಕಂಪನಿಯವರು, ಅವರ ತಪ್ಪೇನೂ ಇರಲಿಲ್ಲ, ಆ ವರ್ಷ ನಮ್ಮ ಹೋಬಳಿಯಲ್ಲಿ ವ್ಯಾಪಾರ ಕಳೆದುಕೊಂಡರು. ಹುಡುಗ ಹಳೇ ವಿಡಿಯೋ ಅಳಿಸಲಿಲ್ಲ. ಅದರ ಮೇಲೆಯೇ "ತಿದ್ದುಪಡಿ: ತುತ್ತ ಅಸಲಿ, ಸುಣ್ಣ ಕೆಟ್ಟಿದ್ದು" ಅಂತ ಬರೆದು, ಕತ್ತಿಯ ವಿಡಿಯೋ ಜೋಡಿಸಿದ. ತಾರೀಖು ಸಮೇತ ಅದು ಅಲ್ಲೇ ಇದ್ದದ್ದರಿಂದ ಶೃಂಗೇರಿ ಕಡೆಯವರಿಗೆ ತೋರಿಸಲು ಸಾಧ್ಯ ಆಯಿತು.

ಅಧ್ಯಕ್ಷರು ಖುಷಿಯಾಗಿ ಹುಡುಗನಿಗೆ ತಿಂಗಳು ತಿಂಗಳು ಏನಾದರೂ ಕೊಡೋಣ ಅಂದರು. ನಾನು ಅವನನ್ನು ಕೇಳಿದೆ. ಒಂದು ಫೋನಿನ ಹಿಂಬದಿ ಬಿಚ್ಚುತ್ತಾ, ತಲೆ ಎತ್ತದೆ ಹೇಳಿದ: "ದುಡ್ಡು ತಗೊಂಡ್ರೆ ಜನ ಅಂಗಡಿಗೆ ಬಂದು ಬೈಯಲ್ಲ ಅಣ್ಣ. ಸುಮ್ನೆ ಗುಂಪು ಬಿಡ್ತಾರೆ." ಕೊನೆಗೆ ಮೇಲೆ "ಜಾಹೀರಾತು" ಅಂತ ಹಾಕಿ, ಬಂಗಾರದ ಅಂಗಡಿಯವರು ಕೊಡುವ ದರವನ್ನೇ ಕೊಡುವುದು ಅಂತ ಆಯಿತು.

ಉದುರಿದ ಕಾಯಿಯ ನಷ್ಟ ಮಾತ್ರ ಯಾರೂ ತುಂಬಿಕೊಡಲಿಲ್ಲ. ನಿರ್ದೇಶಕರಲ್ಲಿ ಅರ್ಧ ಜನ ಕೊಡಬೇಕು ಅಂದರು, ಅರ್ಧ ಜನ ಲೆಕ್ಕ ಹಾಕುವುದು ಹೇಗೆ ಅಂದರು. ಸೆಪ್ಟೆಂಬರಿನ ಮಹಾಸಭೆಯಲ್ಲಿ ಒಂಟಿಯಾಗಿ ತೋಟ ನೋಡಿಕೊಳ್ಳುವ ಒಬ್ಬ ಅಮ್ಮ ಎದ್ದು ನಿಂತರು. "ಸುಣ್ಣದ ದುಡ್ಡು ಬಂತು, ಸರಿ. ನನ್ನ ಅಡಿಕೆ ಕೊನೆ ಹೋಯ್ತಲ್ಲ, ಅದನ್ನು ಯಾರು ಕಟ್ಟಿಕೊಡ್ತೀರಿ?" ವೇದಿಕೆಯ ಮೇಲೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹುಡುಗ ಅದನ್ನೂ ಹಾಕಿದ. ಅಧ್ಯಕ್ಷರು ಅದನ್ನು ತೆಗೆಸಲು ನನಗೆ ಹೇಳಿದರು. ನಾನು ಫೋನ್ ಮಾಡಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ಆ ಕಡೆ ಹೋಗಿದ್ದೆ. ಸುಣ್ಣದ ಚೀಲಗಳ ಮೇಲೆ ಕೆಂಪು ಪೇಂಟಿನಲ್ಲಿ ಬಂದ ತಾರೀಖು ಬರೆದಿದ್ದರು. ಕೌಂಟರಿನ ಮೊಳೆಗೆ ಸುತಲಿ ಕಟ್ಟಿ ಒಂದು ಕತ್ತಿ ನೇತುಹಾಕಿದ್ದರು. ಅಂದು ಬೆಳಿಗ್ಗೆ ಹುಡುಗ ಗುಂಪಿಗೆ ಫೋಟೋ ಹಾಕಿದ್ದ: "ಸೊಸೈಟಿಗೆ ಹೊಸ ಸುಣ್ಣ ಬಂದಿದೆ." ಕೆಳಗೆ ಯಾರೋ ಬರೆದಿದ್ದರು: "ಕತ್ತಿ ಅದ್ದಿ ನೋಡಿದ್ಯಾ, ಅಥವಾ ಅವರು ಹೇಳಿದ್ದು ಹಾಕಿದ್ಯಾ?" ಅವನು ನೋಡಿರಲಿಲ್ಲ. ನಾನು ಹೋದಾಗ ಅಂಗಡಿ ಬಾಗಿಲು ಅರ್ಧ ಎಳೆದಿತ್ತು. ಹುಡುಗ ಸೊಸೈಟಿ ಜಗಲಿಯಲ್ಲಿ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.